ಲೂಕಾಸ್ ಪರೀಕ್ಷೆ: ಮಳೆಗಾಲದಲ್ಲೂ ಕೊನೆಗೆ ಮಸುಕಾಯಿತು

ಅಂತೂ ಸೆಕೆಂಡರಿ ಪ್ರನಾಳ ಬೆಳ್ಳಗಾಯಿತು! ಲೂಕಾಸ್ ಪರೀಕ್ಷೆ ಅಂದರೆ, ಜಿಂಕ್ ಕ್ಲೋರೈಡ್ ಕರಗಿಸಿದ ಗಾಢ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಆಲ್ಕೋಹಾಲ್ ಹಾಕಿ, ಎಷ್ಟು ಬೇಗ ಮಸುಕಾಗುತ್ತದೆ ಅಂತ ನೋಡಿ ಅದರ ಜಾತಿ ಗುರುತಿಸುವುದು. OH ಹೊತ್ತ ಕಾರ್ಬನ್ನಿಗೆ ಬೇರೆ ಒಂದು ಕಾರ್ಬನ್ ಅಂಟಿದ್ದರೆ ಪ್ರೈಮರಿ, ಎರಡಿದ್ದರೆ ಸೆಕೆಂಡರಿ, ಮೂರಿದ್ದರೆ ಟರ್ಷರಿ. ಟರ್ಷರಿ ತಕ್ಷಣ ಮಸುಕಾಗುತ್ತದೆ, ಸೆಕೆಂಡರಿ ಕೆಲವು ನಿಮಿಷಕ್ಕೆ, ಪ್ರೈಮರಿ ತಿಳಿಯಾಗೇ ಉಳಿಯುತ್ತದೆ. ಸೆಕೆಂಡರಿಯಾದ 2-ಬ್ಯೂಟನಾಲ್ ಹಾಕಿ, ಕಾರ್ಕ್ ಒತ್ತಿ, ಅಲ್ಲಾಡಿಸಿ ಇಟ್ಟ ನಾಲ್ಕನೇ ನಿಮಿಷಕ್ಕೆ ಘಾಟಿಯಲ್ಲಿ ಮಂಜು ಇಳಿದ ಹಾಗೆ ದ್ರಾವಣದ ತುಂಬ ಮಸುಕು. ಇನ್ನೊಂದಿಷ್ಟು ಹೊತ್ತಿಗೆ ಮೇಲ್ಗಡೆ ಕ್ಲೋರೈಡಿನ ತೆಳು ಪದರ ನಿಂತಿತು. ಪಕ್ಕದಲ್ಲಿದ್ದ ಪ್ರೈಮರಿ, ಅಂದರೆ 1-ಬ್ಯೂಟನಾಲ್, ಸಂಜೆಯವರೆಗೂ ತಿಳಿಯಾಗೇ ಇತ್ತು.

ಆಲ್ಕೋಹಾಲ್ ಉತ್ಕರ್ಷಣಗೊಂಡರೆ ಬಣ್ಣ ಬದಲಿಸುವ ಡೈಕ್ರೋಮೇಟ್ ಪರೀಕ್ಷೆ ಮೊದಲೇ ಮುಗಿದಿತ್ತು. ಪ್ರೈಮರಿ, ಸೆಕೆಂಡರಿ ಎರಡೂ ಕಿತ್ತಳೆಯಿಂದ ಹಸಿರಿಗೆ ತಿರುಗಿದವು, ಟರ್ಷರಿ ಜಗ್ಗಲಿಲ್ಲ. ಮೊದಲಿನ ಎರಡನ್ನು ಬಿಡಿಸಿ ನೋಡಲಿಕ್ಕೇ ಲೂಕಾಸ್ ಬೇಕಿದ್ದದ್ದು. ಆದರೆ ಜೂನ್‌ನಿಂದ ಈಚೆಗೆ ನನ್ನ 2-ಬ್ಯೂಟನಾಲ್ ಅರ್ಧ ಗಂಟೆ ಕಾದರೂ ಮಿಸುಕುತ್ತಿರಲಿಲ್ಲ.

ಹೊವಾರ್ಡ್ ಲೂಕಾಸ್ ಈ ಪರೀಕ್ಷೆಯನ್ನು ಪ್ರಕಟಿಸಿದ್ದು 1930ರಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ನಲ್ಲಿದ್ದಾಗ. ಅಲ್ಲಿಯ ಹವೆ ಒಣ. ನಾನಿರುವುದು ತೀರ್ಥಹಳ್ಳಿ ಕಡೆ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆ ನಮ್ಮ ತಾಲ್ಲೂಕೇ. ನಿರ್ಜಲ, ಅಂದರೆ ನೀರಿನಂಶವಿಲ್ಲದ, ಜಿಂಕ್ ಕ್ಲೋರೈಡ್ ಗಾಳಿಯ ತೇವ ಹೀರಿ ತಾನೇ ಕರಗುವ ಜಾತಿಯದು. ಆಲ್ಕೋಹಾಲಿನ ಆಮ್ಲಜನಕವನ್ನು ಹಿಡಿದು ಕಾರ್ಬನ್ ಜೊತೆಗಿನ ಬಂಧ ಸಡಿಲಿಸಬೇಕಾದ ಜಿಂಕ್, ನೀರು ಸಿಕ್ಕರೆ ಅದನ್ನೇ ಹಿಡಿದು ಕೂರುತ್ತದೆ. ಟರ್ಷರಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಅದಕ್ಕೆ ಬರೀ ಗಾಢ ಹೈಡ್ರೋಕ್ಲೋರಿಕ್ ಆಮ್ಲವೇ ಸಾಕು. ಪೆಟ್ಟು ಬೀಳುವುದು ಸೆಕೆಂಡರಿಗೆ.

ಇನ್ನು ಮಾರಾಟಗಾರರ ವಿಷಯ. ಲೇಬಲ್ ಮೇಲೆ ನಿರ್ಜಲ ಅಂತ ದಪ್ಪಕ್ಷರ, ಒಳಗೆ ಅಂಟಂಟು ಗಂಜಿ. ಮುಚ್ಚಳಕ್ಕೆ ಒಂದು ಸುತ್ತು ಟೇಪ್ ಕೂಡ ಇಲ್ಲ. ಫೋನ್ ಮಾಡಿದರೆ "ಮಳೆಗಾಲ ಅಲ್ವಾ ಸಾರ್, ಸ್ವಲ್ಪ ಬಿಸಿಲಿಗಿಡಿ" ಅಂದರು. ಆಷಾಢದಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ? ಇದ್ದರೂ ಈ ಉಪ್ಪು ಬಿಸಿಲಿಗೆ ಒಣಗುವಂಥದ್ದಲ್ಲ. ನಿರ್ಜಲದ ದುಡ್ಡು ತೆಗೆದುಕೊಂಡ ಮೇಲೆ ನಿರ್ಜಲವನ್ನೇ ಕೊಡಬೇಕು.

ಅದನ್ನು ಕರಗಿಸಿಯೇ ಒಣಗಿಸಬೇಕು. ಚೈನಾ ಡಿಶ್‌ನಲ್ಲಿ ಹಾಕಿ, ಜಗಲಿಯ ಗಾಳಿ ಬರುವ ತುದಿಯಲ್ಲಿ ಗ್ಯಾಸ್ ಒಲೆ ಇಟ್ಟು ಕಾಯಿಸಿದೆ. ಮೊದಲು ಕೊತಕೊತ ಕುದಿದು, ನೀರು ಹೋದಂತೆ ಗಟ್ಟಿಯಾಗಿ, 290 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ತಿಳಿಯಾಗಿ ಕರಗುತ್ತದೆ. ಈ ಎರಡನೇ ಕರಗುವಿಕೆ ಬರುವ ತನಕ ಒಲೆ ಆರಿಸಬಾರದು. ನಡುವೆ ಒಂದೆರಡು ಹನಿ ಗಾಢ ಆಮ್ಲ ಹಾಕುತ್ತಿರಬೇಕು. ಇಲ್ಲದಿದ್ದರೆ ಜಿಂಕಿನ ಒಂದು ಪಾಲು ಹೈಡ್ರಾಕ್ಸಿಕ್ಲೋರೈಡ್ ಆಗಿ ಕೆಡುತ್ತದೆ. ಹೊಗೆ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮನೆಯೊಳಗೆ ಖಂಡಿತ ಮಾಡಬೇಡಿ. ಆರುವಾಗ ತೇವ ಹೀರುವ ಮುಚ್ಚಿದ ಪಾತ್ರೆ, ಡೆಸಿಕೇಟರ್ ಒಳಗೇ ಆರಬೇಕು. ಅದರ ನೀಲಿ ಸಿಲಿಕಾ ಜೆಲ್ ಈ ಹವೆಗೆ ಬೇಗ ಗುಲಾಬಿಗೆ ತಿರುಗುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ಅದನ್ನು ಹುರಿದು ನೀಲಿ ಮಾಡಿಟ್ಟಿದ್ದೆ. ಜಿಂಕ್ ಕ್ಲೋರೈಡನ್ನು ಇನ್ನೂ ಬೆಚ್ಚಗಿದ್ದಾಗಲೇ ಒಡೆದು 34 ಗ್ರಾಂ ತೂಗಿ, ಮಂಜುಗಡ್ಡೆಯಲ್ಲಿ ಕೂರಿಸಿದ 23 ಮಿ.ಲೀ. ಗಾಢ ಆಮ್ಲಕ್ಕೆ ಸ್ವಲ್ಪಸ್ವಲ್ಪವೇ ಬೆರೆಸಿದೆ.

ಸುಲಭವಾಗಿ ಸಿಗುವ ಐಸೊಪ್ರೊಪೈಲ್ ಬಿಟ್ಟು 2-ಬ್ಯೂಟನಾಲ್ ಯಾಕೆ ಅಂದರೆ, ಐಸೊಪ್ರೊಪೈಲ್ ಕ್ಲೋರೈಡ್ 36 ಡಿಗ್ರಿಗೇ ಕುದಿಯುತ್ತದೆ. ಮಸುಕು ಕಾಣುವ ಮೊದಲೇ ಆವಿಯಾಗಿ ಹಾರಿಹೋಗುವುದುಂಟು. ನನ್ನ ಟರ್ಷರಿ, ಟರ್ಟ್-ಬ್ಯೂಟನಾಲ್‌ದು ಬೇರೆಯೇ ಆಟ: 25 ಡಿಗ್ರಿಯ ಆಚೀಚೆ ಹೆಪ್ಪುಗಟ್ಟುವುದರಿಂದ ಜುಲೈ ಪೂರ್ತಿ ನನ್ನ ಬಾಟಲಿಯಲ್ಲಿ ಬಿಳಿ ಗಡ್ಡೆ. ಬಚ್ಚಲೊಲೆ ಹಂಡೆಯ ಬಿಸಿನೀರಿನ ಚೊಂಬಿನಲ್ಲಿ ಬಾಟಲಿ ನಿಲ್ಲಿಸಿದರೆ ಅಂಚಿನಿಂದ ಬಿಟ್ಟುಕೊಂಡು ಸೂಜಿಸೂಜಿ ಹರಳಾಗಿ ಕರಗುವುದು ನೋಡಲು ಬಲು ಚಂದ.

ಮುಂದಿನದು ಏಲಕ್ಕಿ! ಅದರ ಎಣ್ಣೆಯಲ್ಲಿ ಸಿನಿಯೋಲ್ ಜೊತೆಗೆ ಟರ್ಪಿನೈಲ್ ಅಸಿಟೇಟ್ ಧಾರಾಳವಾಗಿದೆ. ಕ್ಷಾರದಲ್ಲಿ ಒಡೆದರೆ ಸಿಗುವ ಆಲ್ಫಾ-ಟರ್ಪಿನಿಯೋಲ್ ಟರ್ಷರಿ ಆಲ್ಕೋಹಾಲ್, ಅದೂ ನಮ್ಮ ತೋಟದ್ದು. ಆದರೆ ಹತ್ತು ಕಾರ್ಬನ್ನಿನ ಅಣು ಲೂಕಾಸ್ ದ್ರಾವಣದಲ್ಲಿ ಕರಗುವುದಿಲ್ಲ, ಕರಗದಿದ್ದರೆ ಮೊದಲಿಂದಲೇ ಮಸುಕು, ಆ ಮಸುಕಿಗೆ ಅರ್ಥವಿಲ್ಲ. ಅಣುವಿನಲ್ಲಿರುವ ದ್ವಿಬಂಧವೂ ಉತ್ಕರ್ಷಣಗೊಳ್ಳಬಹುದಾದ್ದರಿಂದ ಡೈಕ್ರೋಮೇಟನ್ನೂ ನಂಬುವಂತಿಲ್ಲ. ಆಲ್ಕೋಹಾಲ್ ಇದೆ ಎಂದು ತೋರಿಸಲಿಕ್ಕಾದರೂ ಡಯಾಕ್ಸೇನ್ ಎಂಬ ದ್ರಾವಕದಲ್ಲಿ ಸೆರಿಕ್ ಅಮೋನಿಯಂ ನೈಟ್ರೇಟ್ ಹಾಕಿ ಕೆಂಪು ಬರುತ್ತದಾ ನೋಡುತ್ತೇನೆ. ಈ ಸೆರಿಕ್ ಉಪ್ಪನ್ನು 25 ಗ್ರಾಂನ ಸಣ್ಣ ಬಾಟಲಿಯಲ್ಲಿ ಶಿವಮೊಗ್ಗದಲ್ಲೇ ಕೊಡುವ ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.