ಅಣ್ಣಿಗೇರಿ ಬಂತು

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಶನಿವಾರ ಬಂತೆಂದರೆ ನಾವು ನಾಲ್ಕೈದು ಹುಡುಗರು ಧಾರವಾಡದಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಗದಗ ಪ್ಯಾಸೆಂಜರ್ ಹಿಡಿದು ಊರಿಗೆ ಹೋಗುತ್ತಿದ್ದೆವು. ನಮ್ಮ ಫಿಸಿಕ್ಸ್ ಸರ್ ಊರೂ ಗದಗ. ಅವರಿಗೂ ಅದೇ ಗಾಡಿ. ಸಾಪೇಕ್ಷತಾ ಸಿದ್ಧಾಂತದಲ್ಲಿ ನನಗೆ ಏನಾದರೂ ಅರ್ಥವಾಗಿದ್ದರೆ ಅದರ ಅರ್ಧ ಆ ಗಾಡಿಯಲ್ಲೇ ಆಗಿದ್ದು.

ಒಂದು ದಿನ ಕಿಟಕಿ ಪಕ್ಕ ಕೂತಿದ್ದ ನಾನು ಸುಮ್ನೆ, "ಸರ್, ಅಣ್ಣಿಗೇರಿ ಬಂತ್ರಿ" ಅಂದೆ. ಸರ್ ಕೈಯಲ್ಲಿದ್ದ ಚುರುಮರಿ ಪೊಟ್ಟಣ ಬದಿಗಿಟ್ಟರು.

"ಅಣ್ಣಿಗೇರಿ ಬಂತೋ, ನಾವು ಬಂದ್ವೋ?"

"ನಾವು ಬಂದ್ವಿ ಸರ್."

"ಯಾರ ಲೆಕ್ಕದಾಗ?"

ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಹೇಳಿದರು. ಸ್ಟೇಷನ್ ಮಾಸ್ತರರ ಲೆಕ್ಕದಲ್ಲಿ ಅಣ್ಣಿಗೇರಿ ಅಲ್ಲೇ ಇದೆ, ನಾವು ಬಂದೆವು. ಗಾಡಿಯ ಲೆಕ್ಕದಲ್ಲಿ ಗಾಡಿ ಇದ್ದಲ್ಲೇ ಇದೆ, ಅಣ್ಣಿಗೇರಿ ಬಂತು. ನಮ್ಮ ಮಂದಿ ದಿನಾ ಆಡುವ ಮಾತು ತಪ್ಪೇನಲ್ಲ, ಅದು ಗಾಡಿಯ ಚೌಕಟ್ಟಿನಲ್ಲಿ ನಿಂತು ಆಡಿದ ಮಾತು ಅಷ್ಟೇ. ಪುಸ್ತಕದಲ್ಲಿ ರೆಫರೆನ್ಸ್ ಫ್ರೇಮ್ ಎಂದು ಓದಿ ಕಂಠಪಾಠ ಮಾಡಿದ್ದು ಇದೇ ಎಂದು ನನಗೆ ಆವತ್ತು ಗೊತ್ತಾಯಿತು.

ಆಮೇಲೆ ಅವರು ಚೀಲದಿಂದ ಒಂದು ಲಿಂಬೆಹಣ್ಣು ತೆಗೆದರು. ಮನೆಗೆಂದು ಹುಬ್ಬಳ್ಳಿಯಲ್ಲಿ ಕೊಂಡಿದ್ದು. ಗಾಡಿ ಅಣ್ಣಿಗೇರಿ ಬಿಟ್ಟು ಒಂದೇ ವೇಗಕ್ಕೆ ಬಂದಾಗ ಅದನ್ನು ಒಂದು ಮೊಳ ಮೇಲೆ ಎಸೆದರು. ನೇರ ಹೋಗಿ ನೇರ ಅವರ ಅಂಗೈಗೇ ಬಿತ್ತು. ಹೊರಗೆ ಎರಿ ಹೊಲದಲ್ಲಿ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. "ಅವರು ಇದನ್ನ ನೋಡಿದ್ರ ಏನ್ ಕಾಣತಿತ್ತು?" ಎಂದು ಕೇಳಿ, ನಮ್ಮ ಕೈಯಲ್ಲೇ ಲೆಕ್ಕ ಮಾಡಿಸಿದರು. ಹಣ್ಣು ಗಾಳಿಯಲ್ಲಿದ್ದದ್ದು ಸುಮಾರು 0.6 ಸೆಕೆಂಡ್. ಗಾಡಿ ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್. ಹೊಲದಲ್ಲಿರುವವರಿಗೆ ಹಣ್ಣು ನೇರ ಮೇಲೆ ಹೋಗಿಯೇ ಇಲ್ಲ, ಕಮಾನಿನ ಹಾಗೆ ಬಾಗಿ 9 ಮೀಟರ್ ಮುಂದೆ ಹೋಗಿ ಬಿದ್ದಿದೆ! ಯಾರದು ಖರೆ? ಇಬ್ಬರದೂ. ಒಂದೇ ನಿಯಮ ಇಬ್ಬರಿಗೂ ಸರಿಹೊಂದುತ್ತದೆ. ಗೆಲಿಲಿಯೋ 1632ರಲ್ಲೇ ಹಡಗಿನ ಉದಾಹರಣೆ ಕೊಟ್ಟು ಇದನ್ನು ಹೇಳಿದ್ದ.

ಹುಲಕೋಟಿ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ. ಸೀಟಿನ ಮೇಲಿಟ್ಟಿದ್ದ ಲಿಂಬೆಹಣ್ಣು ತಾನಾಗಿಯೇ ಮುಂದಕ್ಕೆ ಉರುಳಿ ಕೆಳಗೆ ಬಿತ್ತು. ಯಾರೂ ತಳ್ಳಿರಲಿಲ್ಲ. ಹೊಲದವರ ಲೆಕ್ಕದಲ್ಲಿ ಇದು ಸಲೀಸು: ಹಣ್ಣು ಮೊದಲಿನ ವೇಗದಲ್ಲೇ ಇತ್ತು, ಗಾಡಿ ನಿಧಾನವಾಯಿತು. ಗಾಡಿಯವರಿಗೆ ಮಾತ್ರ ಯಾರೋ ಕಾಣದವರು ನೂಕಿದ ಹಾಗೆ. ಒಂದೇ ವೇಗದಲ್ಲಿ ನೇರ ಹೋಗುವಾಗ ಗಾಡಿಯ ಲೆಕ್ಕ ನೆಲದ ಲೆಕ್ಕದಷ್ಟೇ ಸಾಚಾ, ಬ್ರೇಕ್ ಹಾಕಿದರೆ, ತಿರುವಿನಲ್ಲಿ ಹೊರಳಿದರೆ ಹಾಗಲ್ಲ. ಐನ್‌ಸ್ಟೈನ್ 1905ರಲ್ಲಿ ಬರೆದ ವಿಶೇಷ ಸಾಪೇಕ್ಷತೆ ಮೊದಲನೇ ಬಗೆಯ ಚೌಕಟ್ಟುಗಳ ಮಾತು. ಈ ವ್ಯತ್ಯಾಸ ಬಿಟ್ಟು ಮುಂದಕ್ಕೆ ಓದಿದರೆ ಏನೂ ತಲೆಗೆ ಹೋಗುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಇನ್ನೊಂದು ಮಾತು. "ಎಲ್ಲಾ ಸಾಪೇಕ್ಷ ಅಂತ ಐನ್‌ಸ್ಟೈನೇ ಹೇಳಿದಾನಲ್ಲ" ಎಂದು ಯಾರಾದರೂ ಅಂದರೆ ನನಗೆ ಈಗಲೂ ಬೇಜಾರಾಗುತ್ತದೆ. ಅವನು ಹಿಡಿದು ನಿಂತದ್ದು ಬದಲಾಗದ ಎರಡು ಸಂಗತಿಗಳನ್ನು. ನಿಯಮಗಳು ಎಲ್ಲರಿಗೂ ಒಂದೇ, ಬೆಳಕಿನ ವೇಗವೂ ಎಲ್ಲರಿಗೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಗಾಡಿಯೊಳಗೆ ಮುಂದಕ್ಕೆ ನಡೆದರೆ ನಮ್ಮ ವೇಗಕ್ಕೆ ಗಾಡಿಯ ವೇಗ ಕೂಡುತ್ತದೆ, ಆದರೆ ಗಾಡಿಯಿಂದ ಬಿಟ್ಟ ಟಾರ್ಚಿನ ಬೆಳಕಿಗೆ ಏನೂ ಕೂಡುವುದಿಲ್ಲ. ಈ ಎರಡನ್ನು ಬಿಡಲಿಲ್ಲವಾದ್ದರಿಂದ ಕಾಲ, ದೂರ ಎರಡೂ ನೋಡುವವರಿಗೆ ತಕ್ಕಂತೆ ಸಡಿಲಾಗಲೇಬೇಕಾಯಿತು.

ಈಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ, 2023ರಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅತಿ ಉದ್ದ. ಹೋದ ವರ್ಷ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವಾಗ ಸರ್ ಕ್ಲಾಸಿನಲ್ಲಿ ಹೇಳಿದ್ದ ಮಿಂಚಿನ ಲೆಕ್ಕ ನೆನಪಾಯಿತು. ಎರಡೂ ತುದಿಗೆ ಸಿಡಿಲು ಬಡಿಯಿತು ಅಂದುಕೊಳ್ಳಿ. ನಟ್ಟನಡುವೆ ನಿಂತವನಿಗೆ ಎರಡೂ ಬೆಳಕು ಒಟ್ಟಿಗೇ ಬಂದವು, ಹಾಗಾಗಿ ಒಂದೇ ಕ್ಷಣಕ್ಕೆ ಬಡಿಯಿತು ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಸಿಡಿಲು ಬಡಿದ ಕ್ಷಣಕ್ಕೇ ಅವನ ಎದುರು ಹಾಯುವ ಗಾಡಿಯಲ್ಲಿ ಕೂತವಳು ಮುಂದಿನ ಬೆಳಕಿಗೆ ಎದುರಾಗಿ ಹೋಗುತ್ತಿದ್ದಾಳೆ, ಅದೇ ಅವಳಿಗೆ ಮೊದಲು ಸಿಗುತ್ತದೆ. ಅವಳ ಲೆಕ್ಕದಲ್ಲೂ ಎರಡೂ ಬೆಳಕಿಗೆ ಒಂದೇ ವೇಗ, ಎರಡೂ ಕಡೆ ಒಂದೇ ದೂರ. ಅಂದಮೇಲೆ ಮುಂದಿನ ಸಿಡಿಲೇ ಮೊದಲು ಬಡಿಯಿತು ಎಂದೇ ಅವಳು ಹೇಳಬೇಕು, ಅಲ್ವಾ? ಇದು ಕಣ್ಣಿನ ಭ್ರಮೆ ಅಲ್ಲ. 'ಒಂದೇ ಹೊತ್ತಿಗೆ' ಅನ್ನುವ ಮಾತೇ ಇಬ್ಬರಿಗೂ ಬೇರೆ.

ಗಾಡಿ ಗಂಟೆಗೆ 108 ಕಿ.ಮೀ. ಓಡಿದರೆ ಅವಳಿಗೆ ಎರಡು ಸಿಡಿಲಿನ ನಡುವೆ ಎಷ್ಟು ಹೊತ್ತಿನ ವ್ಯತ್ಯಾಸ ಎಂದು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಅರ್ಧ ಪಾಲು! ಇಷ್ಟು ಸಣ್ಣದಾದ್ದರಿಂದಲೇ ನಮ್ಮ ಯಾರ ಗಡಿಯಾರಕ್ಕೂ ಇದು ಸಿಕ್ಕಿರಲಿಲ್ಲ.

ದೀಪಾವಳಿಗೆ ಗದುಗಿಗೆ ಹೋದಾಗ ಆ ಚೀಟಿಯನ್ನು ಸರ್‌ಗೆ ತೋರಿಸಿದೆ. ಅವರಿಗೆ ಈಗ ಕಣ್ಣು ಸ್ವಲ್ಪ ಮಂಜು. ಚೀಟಿ ಹತ್ತಿರ ಹಿಡಿದು, ಪೆನ್ಸಿಲ್ ತಗೊಂಡು ಒಂದೊಂದೇ ಸಾಲು ನೋಡಿದರು. ಗುಣಾಕಾರ ಸರಿಯಿತ್ತು. ಪೆನ್ಸಿಲ್ ಮತ್ತೆ ಮೊದಲನೇ ಸಾಲಿಗೆ ಬಂದು ನಿಂತಿತು.

"ಪ್ಲಾಟ್‌ಫಾರ್ಮ್ 1,507 ಮೀಟರ್ ಅಂತ ಬರದೀಯಲ್ಲ ತಮ್ಮಾ, ಯಾರ ಲೆಕ್ಕದಾಗ?"

ಓಡುವ ಗಾಡಿಯವರ ಲೆಕ್ಕದಲ್ಲಿ ಅದರ ಉದ್ದ ಸ್ವಲ್ಪ ಕಡಿಮೆ. ಆ ಕಡಿಮೆಯಾದದ್ದು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಸಣ್ಣದು, ಆದರೂ ಕಡಿಮೆಯೇ. ನಾನು ಪೆನ್ಸಿಲ್ ಇಸಿದುಕೊಂಡು ಪಕ್ಕದಲ್ಲಿ ಬರೆದೆ: ಪ್ಲಾಟ್‌ಫಾರ್ಮಿನ ಮೇಲೆ ನಿಂತವರ ಲೆಕ್ಕದಲ್ಲಿ.