ಟಾವೆಲ್ ಒಣಗುವ ತನಕ

ಗದಗ, 20 ಏಪ್ರಿಲ್ 2025, ಭಾನುವಾರ

ಭಾನುವಾರವಾದರೂ ಪ್ರೆಸ್ಸಿಗೆ ರಜೆ ಇಲ್ಲ. 30ಕ್ಕೆ ಅಕ್ಷಯ ತೃತೀಯ, ಅದರ ಹಿಂದೆಯೇ ಮೇ ತಿಂಗಳ ತುಂಬ ಮದುವೆ. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಆ ಕಾಶಿಯ ಒಂದು ಗಲ್ಲಿಯಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡುವುದು, ಪ್ರೂಫ್ ತಿದ್ದುವುದು ನನ್ನ ಹೊಟ್ಟೆಪಾಡು. ಇವತ್ತು ಒಂದು ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಪಟ್ಟಿ ಎಷ್ಟು ಉದ್ದ ಇತ್ತೆಂದರೆ, ಮದುಮಗನ ಹೆಸರಿಗೇ ಜಾಗ ಹುಡುಕಬೇಕಾಯಿತು. ಒಂದು ಹೆಸರನ್ನೂ ಕೈಬಿಡುವ ಹಾಗಿಲ್ಲ. ಸೋದರಮಾವ ಕೆಳಗಿನ ಸಾಲಿಗೆ ಜಾರಿದರೆ ಮದುವೆಮನೆಯಲ್ಲಿ ಜಗಳ ಗ್ಯಾರಂಟಿ.

ದಿನವಿಡೀ ಅಕ್ಷರದ ನಡುವೆಯೇ ಇದ್ದರೂ ಕಥೆ ಬರೆದು ವರ್ಷಗಳಾದವು. ಕೊನೆಯದು ಒಂದು ದೀಪಾವಳಿ ವಿಶೇಷಾಂಕದಲ್ಲಿ ಬಂದಿತ್ತು. ನಾಲ್ಕು ಜನ ಮೆಚ್ಚಿ ಮಾತಾಡಿದರು. ಅಲ್ಲಿಂದ ಕೈ ಕಟ್ಟಿತು. ಮುಂದಿನ ಕಥೆಯ ಮೊದಲ ಸಾಲು ಬರೆಯುವ ಮುಂಚೆಯೇ ಆ ನಾಲ್ಕು ಜನರ ಮುಖ ಕಣ್ಣಮುಂದೆ ಬರುತ್ತಿತ್ತು.

ವಸ್ತು ಇಲ್ಲದೆ ನಿಂತದ್ದಲ್ಲ. ವಸ್ತು ಇಲ್ಲಿ ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ಒಂದು ಸೀಸನ್ನಿನಲ್ಲಿ ಹಳ್ಳಿಯಿಂದ ಒಬ್ಬ ಹಿರಿಯರು ಬಂದರು. ಮಗಳ ಮದುವೆಯ ಪತ್ರಿಕೆ ಅಚ್ಚಾಗಿ, ಕಟ್ಟು ಕಟ್ಟಿ ಇಟ್ಟಿದ್ದೆವು. ಮದುವೆ ಮುರಿದಿದೆ ಅಂತ ಅವರ ಜೊತೆ ಬಂದ ಹುಡುಗ ಪಿಸುಗುಟ್ಟಿದ. ನಮ್ಮ ಮಾಲೀಕರು ಬಾಕಿ ಬಿಟ್ಟುಬಿಡಿ ಅಂದರು. ಹಿರಿಯರು ಕೇಳಲಿಲ್ಲ. ಧೋತರದ ಗಂಟು ಬಿಚ್ಚಿ ಪೂರ್ತಿ ಹಣ ಎಣಿಸಿಟ್ಟರು. “ರೊಕ್ಕ ಕೊಟ್ಟೀನಲ್ಲರೀ, ಕಾರ್ಡ್ ನಮ್ಮವು” ಅಂದು ಆ ಕಟ್ಟನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೊರಟರು. ಅಷ್ಟೊಂದು ಕಾರ್ಡ್ ಒಯ್ದು ಏನು ಮಾಡಿದರು? ಸುಟ್ಟರಾ? ಮಾಳಿಗೆ ಮೇಲೆ ಇಟ್ಟರಾ? ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದರಾ? ಮಗಳು ಅದನ್ನು ನೋಡಿ ಏನಂದಳು? ಇಷ್ಟು ಸಾಕಲ್ವಾ ಒಂದು ಕಥೆಗೆ?

ಸಾಕು. ಆದರೆ ನಾನು ಬರೆಯಲು ಕೂತರೆ ಆಗುವುದು ಹೀಗೆ. “ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಮುದುಕ ಪ್ರೆಸ್ಸಿಗೆ ಬಂದ.” ಮುದುಕ ಅಂದರೆ ಹಗುರ ಆಯಿತು. ವೃದ್ಧ ಅಂತ ಮಾಡಿದೆ. ಅದು ಪೇಪರಿನ ಅಪಘಾತದ ಸುದ್ದಿ ಇದ್ದ ಹಾಗಾಯಿತು. ‘ಹಿರಿಯರೊಬ್ಬರು ಆಗಮಿಸಿದರು’ ಅಂದರೆ ಅದೇ ಒಂದು ಲಗ್ನಪತ್ರಿಕೆ. ಇನ್ನು ಮಧ್ಯಾಹ್ನದ ಬಿಸಿಲು? ಎಲ್ಲರೂ ಬರೆಯುತ್ತಾರೆ, ತೆಗೆ. ಕೊನೆಗೆ ‘ಒಬ್ಬ’ ಅನ್ನುವುದೊಂದು ಉಳಿಯುತ್ತದೆ, ಅದರ ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿರುತ್ತದೆ. ನಾನು ಹೋಗಿ ಚಹಾಕ್ಕಿಡುತ್ತೇನೆ.

ರಾತ್ರಿ ಫೋನಿನಲ್ಲಿ ಇದರ ಬಗ್ಗೆ ಓದುತ್ತಾ ಕೂತಿದ್ದೆ. ಹೀಗೆ ಬರೆಯಲಾಗದೆ ಕೈ ಕಟ್ಟುವುದಕ್ಕೆ ರೈಟರ್ಸ್ ಬ್ಲಾಕ್ ಅನ್ನುವ ಹೆಸರು ಕೊಟ್ಟವನು ಎಡ್ಮಂಡ್ ಬರ್ಗ್ಲರ್ ಎಂಬ ಆಸ್ಟ್ರಿಯಾ ಮೂಲದ ಮನೋವಿಶ್ಲೇಷಕ, 1940ರ ದಶಕದಲ್ಲಿ. ಅವನ ಪ್ರಕಾರ ಇದರ ಬೇರು ಎಲ್ಲಿದೆ ಗೊತ್ತಾ? ಎಳವೆಯಲ್ಲಿ ತಾಯಿ ಹಾಲು ಕೊಡಲಿಲ್ಲ ಅನ್ನುವ ಒಳಸಿಟ್ಟಿನಲ್ಲಿ. ಅಡುಗೆಮನೆಯಲ್ಲಿ ಅವ್ವ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಪಾಪ, ಇದೊಂದು ಆರೋಪ ಅವಳ ತಲೆಗೆ ಬೇಡ ಅಂತ ಫೋನ್ ಮುಚ್ಚಿಟ್ಟೆ.

24 ಏಪ್ರಿಲ್, ಗುರುವಾರ

ಸಂಜೆ ಪ್ರೂಫ್ ಮುಟ್ಟಿಸಲು ಹೋದವಳು ಹಾಗೇ ವೀರನಾರಾಯಣನ ಗುಡಿಗೆ ಹೋದೆ. ಕುಮಾರವ್ಯಾಸನ ಕಂಬದ ಹತ್ತಿರ ಒಂದು ಕುಟುಂಬ ಫೋಟೊ ತೆಗೆಸಿಕೊಳ್ಳುತ್ತಿತ್ತು. ಕಂಬಕ್ಕೆ ಒರಗಿ ನಿಂತ ಹುಡುಗಿಗೆ ಅವಳಪ್ಪ ಕಥೆ ಹೇಳುತ್ತಿದ್ದ. ನಮ್ಮೂರಿನ ಮಕ್ಕಳೆಲ್ಲ ಕೇಳಿ ಬೆಳೆದ ಕಥೆಯೇ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು ಈ ಕಂಬದ ಹತ್ತಿರ ಕೂರುತ್ತಿದ್ದ. ಬಟ್ಟೆ ಒಣಗುವ ತನಕ ಕಾವ್ಯ ಹರಿಯುತ್ತಿತ್ತು. ಒಣಗಿತು, ನಿಂತಿತು. ಮತ್ತೆ ಮರುದಿನ.

ಇಷ್ಟು ದಿನ ಇದನ್ನು ಭಕ್ತಿಯ ಕಥೆ ಅಂತಲೇ ಕೇಳಿದ್ದೆ. ಇವತ್ತು ಕಸುಬಿನ ಕಿವಿಯಿಂದ ಕೇಳಿದೆ. ಈ ಕಥೆಯಲ್ಲಿ ಒಂದು ಟೈಮರ್ ಇದೆ! ಇಟಲಿಯ ಒಬ್ಬ ವಿದ್ಯಾರ್ಥಿ 1980ರ ದಶಕದಲ್ಲಿ ಟೊಮೆಟೊ ಆಕಾರದ ಅಡುಗೆ ಗಡಿಯಾರ ಇಟ್ಟುಕೊಂಡು 25 ನಿಮಿಷ ಕೆಲಸ, ಆಮೇಲೆ ಬಿಡುವು ಅನ್ನುವ ಪದ್ಧತಿ ಮಾಡಿದ. ಲೋಕವೆಲ್ಲ ಅದನ್ನು ಪೊಮೊಡೊರೊ ಅಂತ ಕೊಂಡಾಡುತ್ತದೆ. ನಮ್ಮ ಗುಡಿಯ ಕಥೆಯಲ್ಲಿ ಒದ್ದೆ ಪಂಚೆಗೆ ಆ ಕೆಲಸ ಎಂದೋ ಸಿಕ್ಕಿತ್ತು. ಕಥೆ ನಿಜವೋ ಸುಳ್ಳೋ, ಕಟ್ಟಿದವನಿಗೆ ಬರೆಯುವವರ ಕಷ್ಟ ಗೊತ್ತಿತ್ತು.

ಇನ್ನೊಂದು ಮಾತು ಇವತ್ತು ಚುಚ್ಚಿತು. ತನ್ನ ಅಗ್ಗಳಿಕೆ ಹೇಳಿಕೊಳ್ಳುವಾಗ ಕುಮಾರವ್ಯಾಸ ಹೇಳುವುದು ಏನು? ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ. ಅಂದರೆ ಕಚ್ಚಾ ಪ್ರತಿ ಇಲ್ಲ, ಡಿಲೀಟ್ ಇಲ್ಲ. ನಾನು ಅಳಿಸಿದ್ದೇ ಜಾಸ್ತಿ, ಇಟ್ಟ ಪದ ಒಂದೂ ಇಲ್ಲ. ಅವನದು ಪ್ರತಿಭೆ, ಅದಕ್ಕೆ ಕೈ ಹಾಕುವ ಮಾತೇ ಇಲ್ಲ. ಆದರೆ ಅಳಿಸದೆ ಇರುವುದಕ್ಕೆ ಪ್ರತಿಭೆ ಯಾಕೆ ಬೇಕು? ಅಳಿಸುವ ಸಾಮಾನು ಕೈಯಲ್ಲಿ ಇಲ್ಲದಿದ್ದರೆ ಸಾಕು.

ಅವನು ಬರೆದ ಭಾಮಿನಿ ಷಟ್ಪದಿಯ ಲೆಕ್ಕವೂ ದಾರಿಯುದ್ದಕ್ಕೂ ತಲೆಯಲ್ಲಿ ಓಡಿತು. ಆರು ಸಾಲು. ಒಂದು, ಎರಡು, ನಾಲ್ಕು, ಐದಕ್ಕೆ 14 ಮಾತ್ರೆ. ಮೂರು ಮತ್ತು ಆರಕ್ಕೆ 23. ಇಷ್ಟರಲ್ಲಿ ಮುಗಿಸಬೇಕು ಅಂತ ಮೊದಲೇ ಗೊತ್ತಿದ್ದರೆ ಎದುರಿಗೆ ಖಾಲಿ ಹಾಳೆಯ ಬಯಲು ಇರುವುದಿಲ್ಲ. ಒಂದು ಸಣ್ಣ ಅಂಗಳ ಇರುತ್ತದೆ. ನನಗೆ ಛಂದಸ್ಸು ಬೇಡ. ಅಂಗಳ ಬೇಕು.

ಅಂದ ಹಾಗೆ, 18 ಪರ್ವಗಳ ಭಾರತದಲ್ಲಿ ಅವನು ಬರೆದದ್ದು ಮೊದಲ 10 ಮಾತ್ರ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ನಮ್ಮ ಅರ್ಧಂಬರ್ಧ ಕಥೆಗಳಿಗೆ ಇದನ್ನು ನೆಪ ಮಾಡಿಕೊಳ್ಳಬಾರದು, ಗೊತ್ತು. ಆದರೂ ಸ್ವಲ್ಪ ಸಮಾಧಾನ ಆಗುತ್ತದೆ ನೋಡಿ.

ಮನೆಗೆ ಬಂದವಳೇ ಒಂದು ತೆಳು ಟಾವೆಲ್ ನೀರಲ್ಲಿ ಅದ್ದಿ, ಹಿಂಡಿ, ಕಿಟಕಿಯ ಸರಳಿಗೆ ಹಾಕಿದೆ.

25 ಏಪ್ರಿಲ್, ಶುಕ್ರವಾರ

ಗದಗಿನ ಏಪ್ರಿಲ್ ಬಿಸಿಗೆ ತೆಳು ಟಾವೆಲ್ ಅರ್ಧ ಗಂಟೆಯೂ ತಡೆಯುವುದಿಲ್ಲ. ಒಳ್ಳೆಯದೇ ಆಯಿತು.

27 ಏಪ್ರಿಲ್, ಭಾನುವಾರ

ಪದ್ಧತಿ ಈಗ ಒಂದು ರೂಪಕ್ಕೆ ಬಂದಿದೆ. ಬರೆದಿಡುತ್ತೇನೆ. ನನ್ನ ಹಾಗೆ ಕೈ ಕಟ್ಟಿಕೊಂಡು ಕೂತವರು ಯಾರಾದರೂ ಓದಿದರೆ ಉಪಯೋಗವಾಗಲಿ.

ಕಂಪ್ಯೂಟರ್ ಬೇಡ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ತೆರೆದ ಕೂಡಲೇ ನನ್ನೊಳಗಿನ ಪ್ರೂಫ್‌ರೀಡರ್ ಡ್ಯೂಟಿಗೆ ಹಾಜರಾಗುತ್ತಾಳೆ. ಹೊಸ ನೋಟ್‌ಬುಕ್ ಕೂಡ ಬೇಡ. ಹೊಸದರಲ್ಲಿ ಕೆಟ್ಟ ಸಾಲು ಬರೆಯಲು ಮನಸ್ಸು ಬರುವುದಿಲ್ಲ. ಪ್ರೆಸ್ಸಿನಲ್ಲಿ ರದ್ದಿಗೆ ಬಿದ್ದ ಲಗ್ನಪತ್ರಿಕೆಗಳಿವೆ. ಬಣ್ಣ ಸರಿದವು, ಅಕ್ಷರ ಒಡೆದವು. ಅವುಗಳ ಬೆನ್ನು ಖಾಲಿ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯುತ್ತೇನೆ. ಒಂದು ಕಾರ್ಡಿಗೆ ಒಂದು ದೃಶ್ಯ, ಅಷ್ಟೇ. ಕಾರ್ಡಿನಲ್ಲಿ ಜಾಗ ಸಾಲದಿದ್ದರೆ ಆ ದೃಶ್ಯ ಅಲ್ಲಿಗೇ ಮುಗಿಯಿತು ಅಂತ ತಿಳಿಯುವುದು. ಸರಿಯಾದ ಪದ ಸಿಗದಿದ್ದರೆ ಒಂದು ಗೆರೆ ಎಳೆದು ಮುಂದೆ ಹೋಗುವುದು. ನಿನ್ನೆ ಒಂದು ಕಾರ್ಡಿನಲ್ಲಿ “ಅವಳು ______ ಆದಳು” ಅಂತ ಬಿಟ್ಟಿದ್ದೇನೆ. ಸಿಟ್ಟೋ ಸಮಾಧಾನವೋ ನನಗಿನ್ನೂ ಗೊತ್ತಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ.

ಮುಖ್ಯವಾದದ್ದು ಇದು. ಟಾವೆಲ್ ಒಣಗಿದಾಗ ಸಾಲು ಅರ್ಧದಲ್ಲಿದ್ದರೂ ಪೆನ್ ಕೆಳಗಿಡಬೇಕು. ಮೊದಲ ದಿನ ಇದು ಹಿಂಸೆ ಅನ್ನಿಸಿತು. ಹಿರಿಯರು ಮಗಳಿಗೆ ಏನೋ ಹೇಳಲು ಬಾಯಿ ತೆರೆದಿದ್ದರು, ಟಾವೆಲ್ ಗರಿಗರಿ ಆಗಿತ್ತು. ರಾತ್ರಿಯೆಲ್ಲ ಆ ಬಾಯಿ ತೆರೆದೇ ಇತ್ತು. ಮರುದಿನ ಕೂತ ಕೂಡಲೇ ಮಾತು ಬಂತು. ಮೊದಲ ಸಾಲಿನ ಭಯವೇ ಇಲ್ಲ, ಯಾಕೆಂದರೆ ಅದು ಮೊದಲ ಸಾಲಲ್ಲ, ನಿನ್ನೆಯ ಬಾಕಿ. ಗೊತ್ತಿರುವ ಜಾಗದಲ್ಲಿ ನಿಲ್ಲಿಸು ಅಂತ ಹೆಮಿಂಗ್ವೇ ಕೂಡ ಹೇಳುತ್ತಿದ್ದ. ಅವನಿಗೆ ಅದು ಶಿಸ್ತು. ನನಗೆ ಟಾವೆಲ್ಲಿನ ಹುಕುಂ.

ಅವ್ವನಿಗೆ ಮಾತ್ರ ಇದು ಅರ್ಥವಾಗಿಲ್ಲ. “ಒಣಗಿದ್ದನ್ನ ಮತ್ತ ಯಾಕ ತೋಯಿಸ್ತಿ? ನಲ್ಯಾಗ ನೀರು ಬಂದು ಎಷ್ಟ್ ದಿನ ಆತು ಗೊತ್ತೈತೇನ?” ಎಂದಳು. ನ್ಯಾಯವಾದ ಪ್ರಶ್ನೆ. ಗದಗ-ಬೆಟಗೇರಿಯಲ್ಲಿ ಬೇಸಿಗೆ ಕಳೆದವರಿಗೆ ನಲ್ಲಿ ನೀರಿನ ಬೆಲೆ ಗೊತ್ತು. ಈಗ ಪಾತ್ರೆ ತೊಳೆದ ಮೇಲೆ ಅದೇ ನೀರಿನಲ್ಲಿ ಅದ್ದುತ್ತೇನೆ. ಕಾವ್ಯಕ್ಕೆ ಮಡಿ ಬೇಕಿರಬಹುದು, ಕಥೆಗೆ ಮುಸುರೆ ನೀರು ನಡೆಯುತ್ತದೆ.

30 ಏಪ್ರಿಲ್, ಬುಧವಾರ

ಬಸವ ಜಯಂತಿ, ರಜೆ. ಪ್ರೆಸ್ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನ ಮಿರ್ಚಿ, ಮಂಡಕ್ಕಿ ತಿಂದು ಮತ್ತೆ ಓದಲು ಕೂತೆ. ಈ ಸಲ ಬರ್ಗ್ಲರ್‌ಗಿಂತ ಬುದ್ಧಿವಂತನೊಬ್ಬ ಸಿಕ್ಕ. ರಾಬರ್ಟ್ ಬಾಯ್ಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. ಬರೆಯಲಾಗದೆ ಒದ್ದಾಡುತ್ತಿದ್ದ ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ಒಂದು ಗುಂಪು ತೀರಾ ತುರ್ತು ಇಲ್ಲದೆ ಬರೆಯುವ ಹಾಗಿಲ್ಲ. ಎರಡನೆಯದು ಮನಸ್ಸು ಬಂದಾಗ ಬರೆಯಬೇಕು. ಮೂರನೆಯದಕ್ಕೆ ದಿನವೂ ಬರೆಯುವುದು ಕಡ್ಡಾಯ, ತಪ್ಪಿಸಿದರೆ ತಮಗೆ ಆಗದ ಸಂಸ್ಥೆಯೊಂದಕ್ಕೆ ಅವರದೇ ದುಡ್ಡು ಹೋಗುತ್ತದೆ. ಎಂಥ ಶಿಕ್ಷೆ! ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಕಡ್ಡಾಯದವರು ಜಾಸ್ತಿ ಪುಟ ಬರೆದರು, ಅದರಲ್ಲೇನೂ ಆಶ್ಚರ್ಯ ಇಲ್ಲ. ಆದರೆ ಹೊಸ ಹೊಸ ಯೋಚನೆಗಳು ಜಾಸ್ತಿ ಹೊಳೆದದ್ದೂ ಅವರಿಗೇ. ಮನಸ್ಸು ಬರಲಿ ಅಂತ ಕಾದವರು ಹಿಂದೆ ಬಿದ್ದರು.

ನಮ್ಮ ಕಡೆ ಸಾಹಿತ್ಯದ ಸಭೆಗಳಲ್ಲಿ ಸ್ಫೂರ್ತಿಯ ಬಗ್ಗೆ ತುಂಬಾ ಮಾತಾಡುತ್ತಾರೆ. ಹೂವಿನ ಹಾರ ಹಾಕಿಸಿಕೊಂಡು, ಅದು ಒಳಗಿನಿಂದ ಬರಬೇಕು ಅನ್ನುತ್ತಾರೆ. ಬರಲಿ. ಆದರೆ ಅದು ಬಂದಾಗ ನಾವು ಮನೆಯಲ್ಲಿ, ಕುರ್ಚಿಯ ಮೇಲೆ, ಕೈಯಲ್ಲಿ ಪೆನ್ನು ಹಿಡಿದು ಇರಬೇಕಲ್ಲ. ಅದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಹೇಳಿದರೆ ಹಾರ ಸಣ್ಣದಾಗುತ್ತದೆಯೋ ಏನೋ.

ಹಾಗಂತ ಎಲ್ಲರಿಗೂ ಟಾವೆಲ್ಲೇ ಮದ್ದು ಅನ್ನಲಾರೆ. ಮನೆಯಲ್ಲಿ ಸಾವು ನೋವು ಆದಾಗ, ಮೈಯಲ್ಲಿ ಶಕ್ತಿಯೇ ಇಲ್ಲದಾಗ, ಬರೆಯದೆ ಇರುವುದೇ ಸರಿ. ಅದಕ್ಕೆ ವಿಶ್ರಾಂತಿ ಬೇಕು, ಕೆಲವೊಮ್ಮೆ ಡಾಕ್ಟರೂ ಬೇಕು. ನನ್ನದು ಆ ಕಟ್ಟಲ್ಲ. ನನ್ನದು ತಿದ್ದುವ ಚಟ.

4 ಮೇ, ಭಾನುವಾರ

ಮೊನ್ನೆ ಸಂಜೆ ಗುಡುಗಿ, ಧೂಳೆದ್ದು, ಮಳೆ ಬಂತು. ಕರೆಂಟ್ ಹೋಯಿತು. ಟಾರ್ಚ್ ಬೆಳಕಿನಲ್ಲಿ ಬರೆಯುತ್ತಾ ಕೂತೆ. ಎಷ್ಟು ಹೊತ್ತಾದರೂ ಟಾವೆಲ್ ಒಣಗಲಿಲ್ಲ! ನಿಯಮ ಅಂದರೆ ನಿಯಮ. ಬೆರಳು ನೋಯುವ ತನಕ ಬರೆದೆ. ಆ ಹೊತ್ತಿನಲ್ಲೇ ಕಥೆ ನಾನು ಅಂದುಕೊಳ್ಳದ ಕಡೆ ಹೊರಳಿತು. ಹಿರಿಯರು ಕಾರ್ಡ್ ಕಟ್ಟನ್ನು ಮನೆಗೆ ಒಯ್ಯಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕಂಡಕ್ಟರ್‌ಗೆ, ಇಳಿದ ಮೇಲೆ ಚಹಾದ ಅಂಗಡಿಯವನಿಗೆ ಒಂದೊಂದು ಕೊಟ್ಟರು. “ತಪ್ಪದ ಬರ್ರಿ” ಅಂದರು. ಮದುವೆ ಇಲ್ಲದ ದಿನಕ್ಕೆ ಜನ ಬಂದು ನಿಂತರೆ ಮಗಳು ಏನು ಮಾಡುತ್ತಾಳೆ? ಇದನ್ನು ಕೂತು ಯೋಚಿಸಿದ್ದರೆ ನನಗೆ ಹೊಳೆಯುತ್ತಿರಲಿಲ್ಲ. ಹೊಳೆದಿದ್ದರೂ ಅತಿಯಾಯಿತು ಅಂತ ಹೊಡೆದು ಹಾಕುತ್ತಿದ್ದೆ.

ಮಳೆಗಾಲಕ್ಕೆ ಬೇರೆ ವ್ಯವಸ್ಥೆ ಬೇಕು. ಕರ್ಚೀಫ್ ಆಗಬಹುದು.

ಕಾರ್ಡುಗಳನ್ನು ಇವತ್ತು ನೆಲದ ಮೇಲೆ ಹರಡಿ ಕ್ರಮಕ್ಕೆ ಜೋಡಿಸಿದೆ. ಒಂದು ಬದಿಗೆ ಯಾರ್‍ಯಾರದೋ ಚಿರಂಜೀವಿ, ಕುಂಕುಮಶೋಭಿತೆ. ಇನ್ನೊಂದು ಬದಿಗೆ ನನ್ನ ಗೀಚು. ಇದನ್ನು ಟೈಪ್ ಮಾಡುವ ಕೆಲಸ ನಾನು ಮಾಡಬಾರದು ಅಂತ ತೀರ್ಮಾನಿಸಿದ್ದೇನೆ. ನಾನು ಕೂತರೆ ಎರಡನೇ ಕಾರ್ಡಿಗೆ ಬರುವಷ್ಟರಲ್ಲಿ ಮೊದಲನೆಯದು ಮಾಯ. ಪ್ರೆಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಹುಡುಗನಿಗೆ ಕೊಡುತ್ತೇನೆ. ಅವನು ಅರ್ಥದ ಗೋಜಿಗೆ ಹೋಗುವುದಿಲ್ಲ. ಗೆರೆ ಎಳೆದ ಜಾಗದಲ್ಲಿ ಗೆರೆಯನ್ನೇ ಹಾಕುತ್ತಾನೆ. ತಿದ್ದುವುದು ಆಮೇಲೆ, ಎಲ್ಲ ಅಚ್ಚಾಗಿ ಕೈಗೆ ಬಂದ ಮೇಲೆ, ಕೆಂಪು ಪೆನ್ನಿನಲ್ಲಿ. ಆ ಕೆಲಸಕ್ಕೆ ನಾನು ಊರಲ್ಲೇ ಹೆಸರುವಾಸಿ.

ಫೋನ್ ಮಾಡಿ ಕೇಳಿದೆ. “ಅಕ್ಕಾರ, ಕೈಬರಹ ಅಂದ್ರ ಪುಟಕ್ಕ ಐದು ರೂಪಾಯಿ ಜಾಸ್ತಿ” ಎಂದ. ನಾನೇ ಅವನಿಗೆ ಕೆಲಸ ಕಲಿಸಿದ್ದು ಅಂತ ನೆನಪಿಸಿದೆ. ಅದಕ್ಕೇ ರೇಟ್ ಸರಿಯಾಗಿ ಹೇಳ್ತಿದ್ದೀನಿ ಅಂತಾನೆ. ನಾಳೆ ಕಾರ್ಡ್ ಒಯ್ಯುತ್ತೇನೆ, ಚೌಕಾಸಿ ಅಲ್ಲೇ ಮಾಡಿದರಾಯಿತು.