ಒಂದು ಕೈ ಮಾತ್ರ ದೊಡ್ಡದಿರುವ ಏಡಿ

ಉಡುಪಿ ಹತ್ತಿರದ ಕೋಡಿ ಬೆಂಗ್ರೆಗೆ ಹೋದವರೆಲ್ಲ ಹೊಳೆ ಸಮುದ್ರ ಸೇರುವ ಜಾಗದಲ್ಲಿ ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ಅದೇ ನೀರು ಇಳಿದಿರುವಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆಯ ಕೆಸರನ್ನು ಒಮ್ಮೆ ನೋಡಿ ಮಾರಾಯ್ರೆ, ಅಲ್ಲಿ ಬೇರೆಯೇ ಲೋಕ ಇದೆ.

2 ಸೆಂಟಿಮೀಟರ್ ಆಸುಪಾಸಿನ ಪುಟ್ಟ ಏಡಿಗಳು. ಸುಕ್ಕ ಮಾಡಲು ಪ್ರಯೋಜನವಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ. ಇಂಗ್ಲಿಷಿನಲ್ಲಿ ಫಿಡ್ಲರ್ ಕ್ರ್ಯಾಬ್. ಗಂಡಿಗೆ ಒಂದು ಕೈ ಮೈಗಿಂತ ದೊಡ್ಡದು, ಇನ್ನೊಂದು ಸಣ್ಣದು. ಹೆಣ್ಣಿಗೆ ಎರಡೂ ಸಣ್ಣ ಕೈ. ಆ ದೊಡ್ಡ ಕೈಯಿಂದ ತಿನ್ನಲು ಆಗುವುದಿಲ್ಲ, ಅದೇನಿದ್ದರೂ ಹೆಣ್ಣನ್ನು ಕರೆಯಲು ಮತ್ತು ಜಗಳಕ್ಕೆ. ಸಣ್ಣ ಕೈಯಲ್ಲಿ ಕೆಸರು ಬಾಚಿ ಬಾಯಿಗೆ ಹಾಕಿ, ಅದರಲ್ಲಿರುವ ಪಾಚಿ ಗೀಚಿ ಸೋಸಿಕೊಂಡು, ಉಳಿದ ಮಣ್ಣನ್ನು ಸಣ್ಣ ಸಣ್ಣ ಉಂಡೆ ಮಾಡಿ ಬಿಡುತ್ತದೆ. ಬಿಲದ ಸುತ್ತ ಬರೀ ಉಂಡೆಗಳು! ಈ ಬಿಲಗಳಿಂದಲೇ ಕೆಸರಿನ ಒಳಗೆ ಗಾಳಿ ಹೋಗುವುದು, ಗಿಡದ ಬೇರಿಗೂ ಅದರಿಂದ ಲಾಭ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ವಿಷಯ. ದೊಡ್ಡ ಕೈ ಮುರಿದರೆ ಮತ್ತೆ ಬೆಳೆಯುತ್ತದೆ. ಆಸ್ಟ್ರುಕಾ ಅನ್ಯುಲಿಪೆಸ್ ಎಂಬ ಜಾತಿಯಲ್ಲಿ ಹೊಸ ಕೈ ಉದ್ದಕ್ಕೇನೋ ಬರುತ್ತದೆ, ಆದರೆ ತೆಳು, ಹಗುರ, ಹಿಡಿತ ಕಡಿಮೆ. ತಮಾಷೆ ಏನೆಂದರೆ, ಬರೀ ನೋಡಿ ಎದುರಾಳಿಗೂ ಗೊತ್ತಾಗುವುದಿಲ್ಲ, ಹೆಣ್ಣಿಗೂ ಗೊತ್ತಾಗುವುದಿಲ್ಲ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹೆಣ್ಣು ನೋಡಲು ಬಾಡಿಗೆ ಕಾರಿನಲ್ಲಿ ಬಂದ ಹಾಗೆ, ಅಲ್ವಾ? ನಿಜವಾಗಿ ಕೈಗೆ ಕೈ ಹಚ್ಚಿದರೆ ಮಾತ್ರ ಬಣ್ಣ ಬಯಲು.

ನೋಡಲು ಹೋದರೆ ಅಲುಗಾಡದೆ ಕೂರಿ. ನೆರಳು ಬಿದ್ದರೂ ಸಾಕು, ಎಲ್ಲವೂ ಬಿಲದೊಳಗೆ.